ಹಾಕಿದಂತೆ ಕಾಣುತ್ತಿದ್ದ ಬೀಗ

ಭಾವನ ಶವಪೆಟ್ಟಿಗೆಯ ಮುಂದೆ ನಿಂತು ನಮ್ಮ ಪಾಸ್ಟರ್, "ಈ ಸಹೋದರರು ಎಲ್ಲವನ್ನೂ ಮೌನವಾಗಿ ಸಹಿಸಿಕೊಂಡವರು" ಎಂದರು. ಆ ಮಾತು ನನಗೆ ಇವತ್ತಿಗೂ ಜೀರ್ಣವಾಗಿಲ್ಲ. ಸಹಿಸಿಕೊಂಡವರಲ್ಲ ಅವರು. ಸಹಿಸಿಕೊಂಡಿದ್ದರೆ ಕೆಲಸ ಉಳಿಯುತ್ತಿತ್ತು, ಪೆಟ್ಟಿಗೆ ಹೊರುವುದಕ್ಕೆ ಆರು ಜನವಾದರೂ ಸಿಗುತ್ತಿದ್ದರು. ನಾವಿದ್ದದ್ದು ನಾಲ್ವರು. ಅದರಲ್ಲೊಬ್ಬ ಗೋರಿ ತೋಡುವವನು.

ಭಾವ ಎಂದರೆ ನನ್ನ ಅಕ್ಕನ ಗಂಡ. ಹೊಲಿಗೆ ಕಾರ್ಖಾನೆಯ ಬಾಗಿಲು ಕಾಯುವುದು ಅವರ ಕೆಲಸ. ಅದೇ ಕಾರ್ಖಾನೆಯ ಇಸ್ತ್ರಿ ಮೇಜು ನನ್ನದು. ಒಳಗೆ ನಲವತ್ತು ಹೆಂಗಸರು. ಮಾಲೀಕರು ನಮ್ಮ ಸಭೆಯವರೇ, ಮೊದಲ ಬೆಂಚಿನವರು. ಚರ್ಚಿನ ಹೊಸ ಚಾವಣಿ ಅವರ ಕೊಡುಗೆ. ಬೆಳಿಗ್ಗೆ ಎಂಟಕ್ಕೆ ಬಾಗಿಲಲ್ಲಿ ಎಲ್ಲರೂ ನಿಂತು ಪ್ರಾರ್ಥನೆ ಮಾಡಬೇಕು ಎಂಬುದು ಅವರ ಕಟ್ಟಪ್ಪಣೆ. ಪ್ರಾರ್ಥನೆ ಮುಗಿದು ಎಲ್ಲರೂ ಒಳಗೆ ಹೋದ ಮೇಲೆ ಹೊರಗಿನಿಂದ ಬೀಗ. ಊಟಕ್ಕೊಮ್ಮೆ, ಸಂಜೆಗೊಮ್ಮೆ ತೆರೆಯುವುದು. ನಡುವೆ ಎದ್ದು ಹೋಗಿ ಬಂದರೆ ಕೆಲಸ ಕೆಡುತ್ತದಂತೆ. ಹದಿನಾಲ್ಕು ವರ್ಷ ಪ್ರಾರ್ಥನೆ ಹೇಳಿದವರೂ ಭಾವನೇ, ಬೀಗ ಜಡಿದವರೂ ಭಾವನೇ.

ಅಕ್ಕ ತೀರಿಕೊಂಡ ವರ್ಷ, ಒಂದು ಬೆಳಿಗ್ಗೆ ಭಾವ ಎಲ್ಲರ ಕಣ್ಣಲ್ಲೂ ನೀರು ಬರುವಂತೆ ಬೇಡಿಕೊಂಡರು. ಕರ್ತನೇ, ಬಂಧನದಲ್ಲಿರುವವರನ್ನು ಬಿಡಿಸು ಎಂದರು. ಆಮೆನ್ ಎಂದವರೇ ಅದೇ ಉಸಿರಿನಲ್ಲಿ ಜೇಬಿಗೆ ಕೈಹಾಕಿ ಕೀಲಿ ತೆಗೆದರು. ಅಂಗಿಗಳಿಗೆ ಗುಂಡಿ ಹಚ್ಚುವ ಒಬ್ಬ ಮುದುಕಿ ಇದ್ದಳು, ಗುಂಡಿಯಜ್ಜಿ. ಅವಳು ಹೊಸಿಲಲ್ಲೇ ನಿಂತಳು.

"ಬೀಗದಣ್ಣ, ನಿನ್ನ ಬಾಯಿಗೂ ಕೈಗೂ ಮಾತುಕತೆ ಇಲ್ವಾ?"

"ಯಾಕಜ್ಜಿ?"

"ಬಿಡಿಸಪ್ಪಾ ಅಂತ ದೇವರಿಗೆ ಹೇಳ್ತೀಯ. ಪಾಪ, ಅವನು ಬಂದರೂ ಕೀಲಿ ನಿನ್ನ ಹತ್ರಾನೇ ಕೇಳಬೇಕು."

ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಭಾವ ನಗಲಿಲ್ಲ. ಅವತ್ತು ಸಂಜೆ ತಟ್ಟೆಯ ಮುಂದೆ ಕೂತವರು ತುತ್ತು ಎತ್ತಲಿಲ್ಲ.

"ಅಜ್ಜಿ ತಮಾಷೆಗೆ ಅಂದಳು ಬಿಡಿ ಭಾವ" ಎಂದೆ.

"ತಮಾಷೆ ಅಲ್ಲ ಕಣೋ. ದೇವರ ಕೆಲಸಕ್ಕೆ ಹದಿನಾಲ್ಕು ವರ್ಷದಿಂದ ನಾನೇ ಅಡ್ಡ ನಿಂತಿದೀನಿ."

ಮಾರನೆಯ ದಿನದಿಂದ ಅವರು ಒಂದು ಉಪಾಯ ಮಾಡಿದರು. ಚಿಲಕವನ್ನು ಚೌಕಟ್ಟಿನ ತೂತಿಗೆ ತೂರಿಸದೆ, ಬೀಗವನ್ನು ಚಿಲಕದ ಬಳೆಗಷ್ಟೇ ಸಿಕ್ಕಿಸಿ ಒತ್ತುತ್ತಿದ್ದರು. ಹೊರಗಿನಿಂದ ನೋಡಿದವರಿಗೆ ಬೀಗ ತೂಗುತ್ತಿತ್ತು. ಒಳಗಿನಿಂದ ಬೆರಳಿನಲ್ಲಿ ತಳ್ಳಿದರೂ ಬಾಗಿಲು ಸರಿಯುತ್ತಿತ್ತು. ಮೊದಲು ಕಂಡುಹಿಡಿದವಳು ಗುಂಡಿಯಜ್ಜಿ. ಬಾಗಿಲಿನ ಸಂದಿಯಲ್ಲಿ ದಾರದಷ್ಟು ಬೆಳಕು ಬಿದ್ದದ್ದು ನೋಡಿ ತಳ್ಳಿದಳು, ಸುಮ್ಮನೆ ಮತ್ತೆ ಎಳೆದು ಮುಚ್ಚಿದಳು. ಮಧ್ಯಾಹ್ನದ ಹೊತ್ತಿಗೆ ನಲವತ್ತು ಜನಕ್ಕೂ ಗೊತ್ತಾಗಿತ್ತು. ಒಬ್ಬಳೂ ಹೊರಗೆ ಹೋಗಲಿಲ್ಲ. ಹೋಗಬಹುದು ಎಂಬುದೇ ಅವರಿಗೆ ಸಾಕಾಗಿತ್ತು. ಯಂತ್ರಗಳ ನಡುವೆ ಮಾತು ಕೇಳಿಸತೊಡಗಿದ್ದು ಆ ಮೇಲೆಯೇ. ಎಂಟು ತಿಂಗಳು ಹೀಗೇ ನಡೆಯಿತು. ಗುಟ್ಟು ಮೇಸ್ತ್ರಿಯ ಕಿವಿಗೆ ಬೀಳದೆ ನಮ್ಮೊಳಗೇ ಉಳಿಯಬೇಕಿತ್ತು, ಅಷ್ಟೇ.

ಅದನ್ನು ಹೊರಗೆ ಹಾಕಿದವನು ನಾನು. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಒಂದು ಕಾಲರು ಸುಟ್ಟಿತು ಅಂತ ಮೇಸ್ತ್ರಿ ಎಲ್ಲರೆದುರು ಬೈದ. "ಇಷ್ಟವಿಲ್ಲದಿದ್ರೆ ಹೋಗಯ್ಯಾ, ಹೇಗೆ ಹೋಗ್ತೀಯೋ ನೋಡೋಣ" ಎಂದು ಬಾಗಿಲ ಕಡೆ ಕೈ ತೋರಿಸಿ ನಕ್ಕ. ನಾನು ಬಾಗಿಲಿಗೆ ಒದ್ದೆ. ಧಡಾರನೆ ತೆರೆದುಕೊಂಡಿತು. ಹೊರಗೆ ಸ್ಟೂಲಿನ ಮೇಲಿದ್ದ ಭಾವ ನನ್ನ ಮುಖ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಾಲೀಕರು ಬಂದರು. ಅವರೂ ಕಟುಕರೇನಲ್ಲ. "ಮರೆತುಹೋಯ್ತು ಅಂತ ಒಂದು ಮಾತು ಹೇಳಿ, ಇಲ್ಲಿಗೇ ಮುಗಿಸೋಣ" ಎಂದರು.

"ಮರೆತಿಲ್ಲ ಸಾರ್. ಎಂಟು ತಿಂಗಳಿಂದ ದಿನಾ ನೆನಪಿಟ್ಟುಕೊಂಡೇ ಹಾಕಿಲ್ಲ" ಎಂದರು ಭಾವ.

ಊಟದ ಹೊತ್ತಿಗೆ ಭಾವ ಕೆಲಸ ಕಳೆದುಕೊಂಡು ಮನೆಗೆ ಹೋದರು. ನಾನು ಮೇಜಿಗೆ ಹಿಂದಿರುಗಿದೆ. ಇಸ್ತ್ರಿಗೆ ಬೇರೆ ಕೈ ಸಿಕ್ಕಿರಲಿಲ್ಲ. ಸಂಜೆಯೊಳಗೆ ಹೊಸ ಕಾವಲುಗಾರ ಬಂದ, ಚಿಲಕ ತೂತಿಗೆ ಬಿತ್ತು.

ಪಾಸ್ಟರ್ ಭಾವನ ಕೋಣೆಗೆ ಬುದ್ಧಿ ಹೇಳಲು ಬಂದಾಗ ನಾನೂ ಇದ್ದೆ.

"ಕ್ರಿಸ್ತನು ಕೊಡೋ ಬಿಡುಗಡೆ ಪಾಪದಿಂದ ಬ್ರದರ್, ಬೀಗದಿಂದ ಅಲ್ಲ."

"ನನ್ನ ಪಾಪವೇ ಆ ಬೀಗ ಪಾಸ್ಟರ್" ಎಂದರು ಭಾವ. "ಅದನ್ನ ಬಿಟ್ಟು ಇನ್ಯಾವುದರಿಂದ ಬಿಡಿಸು ಅಂತ ಕೇಳಲಿ?"

ಪಾಸ್ಟರ್ ನೀರು ಕುಡಿದು ಎದ್ದರು.

ಆಮೇಲೆ ಆರು ವರ್ಷ ಭಾವ ಬದುಕಿದ್ದರು. ಭಾನುವಾರ ತಪ್ಪದೆ ಬಂದು ಕೊನೆಯ ಬೆಂಚಿನ ತುದಿಗೆ ಕೂರುತ್ತಿದ್ದರು. ಉಳಿದ ಬೆಂಚು ಖಾಲಿ. ಮಾಲೀಕರು ತಿರುಗಿ ನೋಡಿದರೆ ಎಂಬ ಭಯ ಎಲ್ಲರಿಗೂ, ನನಗೂ. ಮನೆಯಲ್ಲಿ ಅವರು ಬಾಗಿಲಿಗೆ ಚಿಲಕ ಹಾಕುವುದನ್ನೇ ಬಿಟ್ಟಿದ್ದರು. ಕೆಲಸಕ್ಕೆ ಹೋಗುವಾಗ ಬರುವಾಗ ಕಾಣುತ್ತಿತ್ತು: ತೆರೆದ ಬಾಗಿಲು, ಒಂದು ಕುರ್ಚಿ, ಗೋಡೆಗೆ ಮುಖ ಮಾಡಿಟ್ಟ ಅಕ್ಕನ ಹೊಲಿಗೆ ಯಂತ್ರ, ಒಂದೇ ತಟ್ಟೆ ತೊಳೆಯುತ್ತಿರುವ ಭಾವ.

"ಬಾರೋ ಒಳಗೆ."

"ಕೆಲಸ ಇದೆ ಭಾವ."

ಯಾವ ಕೆಲಸವೂ ಇರುತ್ತಿರಲಿಲ್ಲ. ಹೇಳಬೇಕಾದದ್ದು ಒಂದೇ ಮಾತು, ತಪ್ಪು ನನ್ನದು ಅಂತ. ಅವರು ಒಂದು ದಿನವೂ ಅದನ್ನು ಎತ್ತಲಿಲ್ಲ. ಎತ್ತಿದ್ದರೆ ಜಗಳವಾಡಿಯಾದರೂ ಹೇಳುತ್ತಿದ್ದೆ. ಕೊನೆಗೆ ಅವರು ತೀರಿಕೊಂಡದ್ದನ್ನು ತೆರೆದ ಬಾಗಿಲಿನಿಂದ ಮೊದಲು ಕಂಡವನು ಹಾಲಿನವನು.

ಪೆಟ್ಟಿಗೆಯ ಮುಂದೆ ಪಾಸ್ಟರ್, "ಬಂಧುಗಳು ಏನಾದರೂ ಹೇಳ್ತೀರಾ?" ಎಂದು ನನ್ನ ಕಡೆ ನೋಡಿದರು. ಬಾಗಿಲು ಒದ್ದದ್ದನ್ನು ಅಲ್ಲಾದರೂ ಹೇಳಬಹುದಿತ್ತು. ಆದರೆ ಸಹಿಸಿಕೊಂಡವರು ಎಂದರಲ್ಲ, ಆ ಸಿಟ್ಟಿಗೆ ನಾನು ದಡದಡ ಹೊರಗೆ ನಡೆದೆ. ಕೋಲೂರಿಕೊಂಡು ಗುಂಡಿಯಜ್ಜಿ ಹಿಂದೆಯೇ ಬಂದಳು.

"ನೀನಾದ್ರೂ ಎರಡು ಮಾತಾಡಬಾರದಿತ್ತೇನೋ?"

"ಮಾತಾಡಬೇಕಿತ್ತಜ್ಜಿ" ಎಂದೆ. ಒಳಗಿನಿಂದ ಹೊರುವುದಕ್ಕೆ ಕರೆದರು. ಹೋಗಿ ಹೆಗಲು ಕೊಟ್ಟೆ.