ಪೈನ್ ತೊಗಟೆಯ ಕಿತ್ತಳೆ ಬಟ್ಟಲು

ನಮ್ಮ ಪೈನ್ ಮರದ ಕಾಯಿ ಪಕ್ಕದ ಮನೆಯ ಕಾರ್ ಶೆಡ್ಡಿನ ತಗಡಿನ ಮೇಲೆ ಬಿದ್ದರೆ ಟಣ್ ಎಂದು ಸದ್ದಾಗುತ್ತಿತ್ತು. ಆಮೇಲೆ ಉರುಳುವ ಗರಗರ. ಅದರ ಹಿಂದೆಯೇ ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯವಳ ದನಿ: "ಬಿತ್ತು ನೋಡಕ್ಕ." ಹಾಸನದ ನನ್ನ ಮಧ್ಯಾಹ್ನಗಳೆಲ್ಲ ಹೀಗೇ ಕಳೆದವು.

ಆ ಮರದ ಸಸಿಯನ್ನು ನನ್ನ ಮದುವೆಗೆ ಕೊಟ್ಟವರು ನಾನು ಓದಿದ ಕಾನ್ವೆಂಟಿನ ಸಿಸ್ಟರ್. "ಕೀಪ್ ಇಟ್ ಅಲೈವ್" ಎಂದಿದ್ದರು. ಬೇರೆ ಬ್ಲೆಸಿಂಗ್ ಏನಿಲ್ಲ. ಹಾಗಾಗಿ ಈಚಿನ ಒಂದು ಮಳೆಗಾಲದಲ್ಲಿ ಶೆಡ್ಡಿನ ಕಡೆಯ ಕೆಳಗಿನ ಕೊಂಬೆ ಒಣಗಿ, ತೊಗಟೆಯ ಮೇಲೆ ಉದ್ದಿನಬೇಳೆಗಿಂತ ಚಿಕ್ಕ ಕಿತ್ತಳೆ ಬಟ್ಟಲುಗಳು ಎದ್ದಾಗ ನನಗೆ ಊಟ ಸೇರಲಿಲ್ಲ. ಅಂಚಿಗೆಲ್ಲ ಬಿಳಿ ರೋಮ, ಮಗುವಿನ ಫ್ರಾಕಿನ ಲೇಸಿನ ಹಾಗೆ.

"ರೋಗ ಕಣಕ್ಕ. ನಮ್ ಶೆಡ್ ಮ್ಯಾಲೆ ಬಿದ್ರೆ? ಮರ ಕುಯ್ಸ್‌ಬುಡು," ಎಂದಳು ಪಕ್ಕದವಳು. ಮರ ಕೊಯ್ಯುವವನಿಗೆ ಆಗಲೇ ಹೇಳಿಯೂ ಇಟ್ಟಿದ್ದಳು, ನನ್ನನ್ನು ಕೇಳದೆ. ಅಷ್ಟು ಅವಸರ ಯಾಕೋ.

ಒಂದು ಚೂರು ತೊಗಟೆಯನ್ನು ಸ್ಟೀಲ್ ಡಬ್ಬಿಗೆ ಹಾಕಿಕೊಂಡು ಹೊಳೆನರಸೀಪುರದ ಬಸ್ಸು ಹತ್ತಿದೆ. ಅಲ್ಲಿ ನನ್ನ ಕ್ಲಾಸ್‌ಮೇಟ್ ಇದ್ದಾಳೆ. ಬಾಟನಿ ಪಾಠ ಮಾಡಿ ರಿಟೈರ್ ಆದವಳು. ದಾರಿಯಲ್ಲೇ ಬಟ್ಟಲುಗಳು ಒಣಗಿ ಮುದುಡಿದ್ದವು. ಅವಳು ಒಂದು ಹನಿ ನೀರು ಬಿಟ್ಟಳು, ಮೆಲ್ಲಗೆ ಬಾಯಿ ತೆರೆದವು. ಭೂತಗನ್ನಡಿ ಹಿಡಿದು ನೋಡಿ, ಇದು ಅಣಬೆಯ ಜಾತಿ, ಕಪ್ ಫಂಗಸ್, ಲ್ಯಾಕ್ನೆಲ್ಯುಲಾ ಇರಬಹುದು, ಮೈಕ್ರೋಸ್ಕೋಪ್ ಇಲ್ಲದೆ ಆಣೆ ಹಾಕಲಾರೆ ಎಂದಳು.

"ಆದ್ರೆ ಇದು ಕೊಂದದ್ದಲ್ಲ ಕಣೇ. ಸತ್ತ ಮೇಲೆ ಬಂದದ್ದು. ಸಾವಿನ ಮನೆಗೆ ಬಂದೋರನ್ನೆಲ್ಲ ಕೊಲೆಗಾರರು ಅನ್ನೋಕಾಗುತ್ತಾ?"

ಹಾಗಾದರೆ ಕೊಂದವರು ಯಾರು? ವಾಪಸ್ ಬರುವ ದಾರಿಯುದ್ದಕ್ಕೂ ಅದೇ ಕೊರೆಯಿತು.

ಮರುದಿನ ಕನ್ನಡಕ ಹಾಕಿಕೊಂಡು ಮರ ಸುತ್ತಿದೆ. ಕಾಂಪೌಂಡಿನ ಕಡೆ, ಬುಡದಲ್ಲಿ, ಬೆರಳು ಹೋಗುವಷ್ಟು ತೂತು. ಮೇಲೆ ಜೇಡಿಮಣ್ಣು ಮೆತ್ತಿದ್ದರು. ಹೇರ್‌ಪಿನ್ನಿನಿಂದ ಕೆದಕಿದರೆ ಘಮ್ಮೆಂದು ಇಂಗು. ನಮ್ಮ ಕಡೆ ಸದ್ದಿಲ್ಲದೆ ಮರ ಕೊಲ್ಲಬೇಕೆಂದರೆ ತೂತು ಕೊರೆದು ಇಂಗು ತುಂಬುತ್ತಾರೆ. ಒಣಗಿಹೋಗುತ್ತದೆ ಎಂಬ ನಂಬಿಕೆ. ಫೋನಿನಲ್ಲಿ ಕ್ಲಾಸ್‌ಮೇಟ್ ನಕ್ಕಳು. ಅಷ್ಟು ಇಂಗಿಗೆ ಅಷ್ಟು ದೊಡ್ಡ ಮರ ಸಾಯುವುದಿಲ್ಲ, ನೆರಳಿಗೆ ಸಿಕ್ಕ ಕೆಳಗಿನ ಕೊಂಬೆಗಳು ತಾವಾಗಿಯೇ ಒಣಗುತ್ತವೆ ಎಂದಳು. ಮರದ ಭಯ ಹೋಯಿತು. ಇಂಗಿನದು ಉಳಿಯಿತು.

ಒಣಕೊಂಬೆಯನ್ನಷ್ಟೇ ಕೊಯ್ಯಿಸಿದೆ. ಪಕ್ಕದವಳನ್ನು ಏನೂ ಕೇಳಲಿಲ್ಲ. ಅವಳು ಎಂದಿನಂತೆ ಪುಳಿಯೋಗರೆ ಕಳಿಸುತ್ತಿದ್ದಳು. ನಾನು ಡಬ್ಬಿ ತೆರೆದು ಮೊದಲು ಮೂಸುತ್ತಿದ್ದೆ. ಇಂಗು ಇದ್ದೇ ಇರುತ್ತಿತ್ತು. ಯಾರ ಅಡುಗೆಮನೆಯಲ್ಲಿ ಇಲ್ಲ, ಹೇಳಿ? ನನ್ನದರಲ್ಲೂ ಇದೆ.

ಅವಳನ್ನು ಕೊನೆಯ ಸಲ ಕಂಡದ್ದು ಅವರು ಮನೆ ಮಾರಿ ಚನ್ನರಾಯಪಟ್ಟಣಕ್ಕೆ ಹೊರಟ ದಿನ. ಸಾಮಾನಿನ ಲಾರಿ ಮುಂದೆ ಹೋಗಿತ್ತು. ನನ್ನ ಕೈ ಹಿಡಿದು ಕಣ್ಣೊರೆಸಿಕೊಂಡಳು, ನಾನೂ ಅತ್ತೆ. ಕಾರು ಹತ್ತುವ ಮುಂಚೆ ತಲೆಯೆತ್ತಿ, ಮರವನ್ನು ಬುಡದಿಂದ ತುದಿಯವರೆಗೂ ನೋಡಿದಳು.

"ಇನ್ನೂ ಹಸ್ರಾಗೇ ಅದೆಯಲ್ಲಕ್ಕ," ಎಂದಳು.