ಜಲೋಡಿಯ ಏರಿನಲ್ಲಿ ಒಬ್ಬಳೇ

ಜೂನ್ ತಿಂಗಳ ನಡುಹಗಲಿನಲ್ಲಿ ನನ್ನ ಬೆರಳುಗಳು ಚಳಿಗೆ ಸೆಟೆದು ಕ್ಲಚ್ ಹಿಡಿಯಲಾರದಂತಾದವು. ಹತ್ತು ನಿಮಿಷದ ಹಿಂದೆ ಬಿಸಿಲಿತ್ತು. ಈಗ ಹೆಲ್ಮೆಟ್ಟಿನ ಮೇಲೆ ಆಲಿಕಲ್ಲು. ನಮ್ಮ ರಾಯಚೂರಿನಲ್ಲಿ ಆಲಿಕಲ್ಲೆಂದರೆ ಅಂಗಳಕ್ಕೆ ಓಡಿ ಆರಿಸಿ ಬಾಯಿಗೆ ಹಾಕಿಕೊಳ್ಳುವ ಸಂಭ್ರಮ. ಹಿಮಾಚಲದ ಜಲೋಡಿ ಜೋತ್‌ನ ಏರಿನಲ್ಲಿ ಅದು ಚಕ್ರದಡಿ ಉರುಳುವ ಗೋಲಿ. ಬೆಟ್ಟಸಾಲನ್ನು ದಾಟುವ ದಾರಿಯ ನೆತ್ತಿಗೆ ಅಲ್ಲಿಯವರು ಜೋತ್ ಎನ್ನುತ್ತಾರೆ.

ನಾನು ದೆಹಲಿಗೆ ಬಂದು ಮೂರು ವರ್ಷವಾಗಿತ್ತು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ, ಸರೋಜಿನಿ ನಗರದಲ್ಲಿ ಬಾಡಿಗೆ ಕೋಣೆ. ಕಡತದ ಹಿಂದಿ ಬರುತ್ತಿತ್ತು, ಜಗಳದ ಹಿಂದಿ ಬರುತ್ತಿರಲಿಲ್ಲ. ಹಾಗಾಗಿ ಬಸ್ಸಿನಲ್ಲಿ ಮೈಮೇಲೆ ಬೀಳುವ ಕೈಗಳನ್ನು ಬೈಯಲಾಗದೆ ಎಷ್ಟೋ ದಿನ ಅರ್ಧದಾರಿಯಲ್ಲೇ ಇಳಿದು ನಡೆದಿದ್ದೇನೆ. ಕೊನೆಗೆ ಹಳೆಯ ಮೋಟಾರ್‌ಸೈಕಲ್ ಕೊಂಡು, ಬಿದ್ದು ಎದ್ದು ಕಲಿತೆ. ಒಬ್ಬಳೇ ಬೆಟ್ಟಕ್ಕೆ ಹೋಗುತ್ತೇನೆಂದಾಗ ಸಹೋದ್ಯೋಗಿಗಳು ನಕ್ಕರು. ನಕ್ಕವರ ಎದುರಿಗೇ ಕೂತು ರಜೆಯ ಅರ್ಜಿ ಬರೆದೆ.

ಈಗ ಕಡಿದಾದ ತಿರುವೊಂದರಲ್ಲಿ ಹಿಂದಿನ ಚಕ್ರ ಜಾರಿತು. ನಾನೊಂದು ಕಡೆ, ಗಾಡಿಯೊಂದು ಕಡೆ. ಮೊಣಕಾಲು ತರಚಿತ್ತು, ಎಷ್ಟು ಹೆಣಗಿದರೂ ಗಾಡಿ ಏಳಲಿಲ್ಲ. ಅಷ್ಟರಲ್ಲಿ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಇಳಿದು ಬಂದಳು. ಏನೂ ಕೇಳದೆ ಹೊರೆ ಇಳಿಸಿ ಹ್ಯಾಂಡಲಿಗೆ ಕೈಕೊಟ್ಟಳು. ಹೆಸರು ಚಂಪಾ ದೇವಿ. ಮನೆ ಅಲ್ಲೇ ರಸ್ತೆಯ ಕೆಳಗೆ.

"ಮೇಲೆಲ್ಲ ಮಂಜು ಕವಿದಿದೆ. ವಾಪಸ್ ಹೋಗು ಬೇಟಿ," ಎಂದಳು.

"ಅಷ್ಟು ದೂರದಿಂದ ಬಂದಿದ್ದೇನೆ ದೀದಿ. ದಾಟದೆ ಹೋಗಲ್ಲ."

ನನ್ನನ್ನೊಮ್ಮೆ ನೋಡಿ, ಅಚ್ಛಾ, ಹಾಗಾದರೆ ಮಳೆ ನಿಲ್ಲುವ ತನಕ ಕೂತು ಉಂಡು ಹೋಗು ಎಂದು ಒಳಗೆ ಕರೆದಳು.

ಒಲೆಯ ಬದಿಯಲ್ಲಿ ಸಿಡ್ಡು ಕೊಟ್ಟಳು. ಹುದುಗು ಬಂದ ಗೋಧಿಹಿಟ್ಟಿನೊಳಗೆ ಅಕ್ರೋಟಿನ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿದ್ದು, ನಮ್ಮ ಕಡುಬಿನ ದೂರದ ನೆಂಟ. ನಿಮ್ಮೂರಲ್ಲಿ ಹಿಮ ಬೀಳುತ್ತದೆಯೇ ಎಂದು ಕೇಳಿದಳು. ನಮ್ಮಲ್ಲಿ ಚಳಿಯೇ ನಾಲ್ಕು ದಿನ ಎಂದೆ. ಹಾಗಾದರೆ ಹೆಂಗಸರಿಗೆ ಹೊರಗಿನ ಕೆಲಸ ವರ್ಷವಿಡೀ ತಪ್ಪುವುದಿಲ್ಲವೆಂದು ಮರುಗಿದಳು. ಅವಳ ತವರು ಜೋತ್‌ನ ಆಚೆಗಂತೆ. ಹಿಮ ಬಿದ್ದು ದಾರಿ ಮುಚ್ಚಿತೆಂದರೆ ತಿಂಗಳುಗಟ್ಟಲೆ ಅಲ್ಲಿಯ ಸುದ್ದಿಯಿಲ್ಲ. ಮದುವೆಯಾದ ವರ್ಷ ತಂದೆ ತೀರಿಕೊಂಡದ್ದು ಅವಳಿಗೆ ತಿಳಿದದ್ದು ದಾರಿ ತೆರೆದ ಮೇಲೆ.

"ಅಭ್ಯಾಸ ಆಯ್ತಾ ದೀದಿ?" ಎಂದೆ.

"ಈ ಊರು ಅಭ್ಯಾಸ ಆಯ್ತು. ಆ ದಾರಿ ಆಗಲಿಲ್ಲ."

ಮಳೆ ನಿಂತಿತು. ಮೊದಲ ಗೇರ್ ಬಿಡಬೇಡ, ನಿಲ್ಲಬೇಡ ಎಂದು ಅವಳು ಬೀಳ್ಕೊಟ್ಟಳು. ಎರಡು ಸಲ ಇಂಜಿನ್ ನಿಂತಿತು. ಎರಡೂ ಸಲ ಹಲ್ಲು ಕಚ್ಚಿ ಕಿಕ್ ಹೊಡೆದೆ. ನೆತ್ತಿ ಮುಟ್ಟಿದಾಗ ಒಂದಡಿ ಮುಂದೇನೂ ಕಾಣುತ್ತಿರಲಿಲ್ಲ. ಬಳಿಕ ಗಾಳಿಗೆ ಮಂಜು ಹರಿದು ಆಚೆಯ ಇಳಿಜಾರಿನಲ್ಲಿ ನಾಲ್ಕಾರು ಮನೆಗಳ ಚಾವಣಿಗಳು ಕಂಡವು. ಅಲ್ಲಿ ನಿಂತು ಅತ್ತೆ. ಕಣ್ಣೊರೆಸಿಕೊಂಡು ಆ ಕಡೆಗೇ ಇಳಿದೆ.

ಮೂರನೆಯ ದಿನ ದೆಹಲಿಯ ಬಿಸಿಗಾಳಿ ಮುಖಕ್ಕೆ ಹೊಡೆದಾಗ ಹೆಗಲು ತಾನಾಗಿ ಸಡಿಲಾಯಿತು. ಬಾಡಿಗೆ ಕೋಣೆಯ ಮೆಟ್ಟಿಲ ಮೇಲೆ ಕೂತು ರಾಯಚೂರಿನ ಅಕ್ಕನಿಗೆ ಫೋನ್ ಮಾಡಿದೆ.

"ಮನಿ ಮುಟ್ಟೀನಿ ಅಕ್ಕಾ."

"ಅದ ಮನಿ ಆದ್ರ, ಇಲ್ಲಿಗೆ ಬಂದಾಗ ಏನಂತೀ ಮತ್ತ?" ಎಂದಳು.

"ಅಲ್ಲೂ ಹಂಗ ಅಂತೀನಿ."

ಸುಳ್ಳು ಹೇಳಿರಲಿಲ್ಲ. ಆದರೂ ಫೋನಿಟ್ಟ ಮೇಲೆ ಬಾಗಿಲು ತೆರೆಯದೆ, ಬೂಟು ಬಿಚ್ಚದೆ ಬಹಳ ಹೊತ್ತು ಅಲ್ಲೇ ಕೂತಿದ್ದೆ.