ಒದ್ದೆ ಜೋಡಿನಲ್ಲಿ ಇತವಾರಿ

ಬೆಂಗಳೂರಿನ ರೈಲು ನಾಗಪುರ ತಲುಪಿದಾಗ ಡಿಸೆಂಬರಿನ ಮಂಜು ಪ್ಲಾಟ್‌ಫಾರಂ ಮೇಲೆ ಮೊಣಕಾಲೆತ್ತರಕ್ಕೆ ನಿಂತಿತ್ತು. ಜನ ಪಾದಗಳಿಲ್ಲದೆ ತೇಲಿಹೋಗುತ್ತಿರುವಂತೆ ಕಂಡರು. ಹೊರಗೆ ತರ್ರಿ ಎಂಬ ಖಾರದ ಸಾರು ಸುರಿದ ಅವಲಕ್ಕಿ ತಿಂದು ಮನೀಶ್ ನಗರದ ಅಕ್ಕನ ಮನೆಗೆ ಹೋದೆ. ಭಾವ ರೈಲ್ವೆಯಿಂದ ನಿವೃತ್ತರಾದ ಮೇಲೂ ಅವರಿಬ್ಬರು ನಮ್ಮೂರು ಧಾರವಾಡಕ್ಕೆ ಮರಳಿರಲಿಲ್ಲ.

ಮಳೆಗಾಲದಲ್ಲಿ ಮುರಿದಿದ್ದ ಅಕ್ಕನ ಬಲಪಾದ ಕೂಡಿಕೊಳ್ಳುವಾಗ ಅಗಲವಾಗಿತ್ತು. ಅಂಗಡಿಯ ಯಾವ ಚಪ್ಪಲಿಯೂ ಹಿಡಿಸುತ್ತಿರಲಿಲ್ಲ. ನಾಗಪುರದ ಹಳೆಯ ಪೇಟೆ ಇತವಾರಿಯಲ್ಲಿ ಹಿಂದಿನ ಪದ್ಧತಿಯ ಚರ್ಮದ ಜೋಡು ಹೊಲಿಸಿದ್ದಳು. ಅದೂ ಕಚ್ಚುತ್ತಿತ್ತು. ಅವಳು ಗೇಟು ದಾಟುವುದನ್ನೇ ಬಿಟ್ಟಿದ್ದಳು.

"ಹೊಲಿದವರ ಕಡೆ ಇವತ್ತೊಂದ ಸಲ ಬರ್ತೀನಪ್ಪಾ. ಸರಿ ಆಗ್ಲಿಲ್ಲಂದ್ರ ಹೊರಗ ಅಡ್ಡಾಡೂ ಆಸೀನ ಬಿಡ್ತೀನಿ," ಎಂದಳು. ಜೋಡನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲೇ ಆಟೋ ಹತ್ತಿದಳು.

ಹೊಲಿದವರು ಅಥಣಿ ಕಡೆಯ ಮಾರುತಿ. ಅವರ ಅಂಗಡಿ ಬಟ್ಟೆ ಪೇಟೆಯ ಹಿಂದಿನ ಓಣಿಯಲ್ಲಿ. ನೆನೆಸಿದ ಚರ್ಮದ ವಾಸನೆಯ ನಡುವೆ, ಕೈಗಾಡಿಗಳ ಸದ್ದು ನೀರಿನಡಿಯಿಂದ ಬಂದಂತೆ ಕೇಳುತ್ತಿತ್ತು. ಮಾರುತಿ ಜೋಡಿನೊಳಗೆ ಕೈಯಾಡಿಸಿದರು.

"ಅಕ್ಕಾರ, ದಿನಾ ಅದಲಿ-ಬದಲಿ ಮಾಡಿ ಮೆಟ್ಟಿದ್ರೇನು?"

"ಮತ್ತ? ನಮ್ಮವ್ವ ಹಂಗ ಕಲಿಸ್ಯಾಳ."

ನಮ್ಮೂರಲ್ಲಿ ಜೋಡಿಗೆ ಎಡ-ಬಲವೆಂಬುದೇ ಇರಲಿಲ್ಲ. ಎರಡೂ ಒಂದೇ ಸಮ ಸವೆಯಲೆಂದು ದಿನಕ್ಕೊಮ್ಮೆ ಕಾಲು ಬದಲಿಸಿ ಪಳಗಿಸುತ್ತಿದ್ದರು.

"ನಿಮ್ಮವ್ವಾರ ಕಾಲು ಎರಡೂ ಬರೋಬರ್ ಇದ್ದೂರಿ!" ಮಾರುತಿ ನಕ್ಕರು. "ನಾ ಬಲಗಾಲಿಂದು ಅಗಲ ಹೊಲಿದಿದ್ದೆ. ಈಗ ಎರಡೂ ಸೊಟ್ಟ ಆಗ್ಯಾವು. ಹೇಳದ ಕೊಟ್ಟದ್ದು ನಂದೂ ತಪ್ಪ."

ಅಕ್ಕ ನಗಲಿಲ್ಲ. "ಹಂಗಾರ ಹೋತೇನು?"

ಅವರು ಎರಡನ್ನೂ ನೀರಿನಲ್ಲಿ ಅದ್ದಿಟ್ಟರು. ಚರ್ಮ ಮೆದುವಾದ ಮೇಲೆ ತಾವೇ ಅವಳ ಪಾದಕ್ಕೆ ಸೇರಿಸಿದರು.

"ಒದ್ದಿ ಇದ್ದಾಗ ಮೆಟ್ಟಿ ನಡೀರಿ. ಕಾಲಿನ ಮ್ಯಾಲೇ ಒಣಗಬೇಕು. ಕುಂತ್ರ ಆಗೂದಿಲ್ಲ."

"ಈ ಮಂದಿ ಗರ್ದಿಯೊಳಗ?"

"ಗರ್ದಿ ತಾನ ಬಾಜೂಕ ಸರಿತೈತ್ರಿ."

ಅಕ್ಕ ನನ್ನ ತೋಳು ಬಿಗಿಯಾಗಿ ಹಿಡಿದು ಹೊರಟಳು. ಓಣಿಯ ಕಲ್ಲಿನ ಮೇಲೆ ಒಂದು ಅಗಲದ, ಒಂದು ಕಿರಿದಾದ ಒದ್ದೆ ಗುರುತು ಮೂಡುತ್ತ ಬಂದವು. ಎರಡು ಸಲ ನಿಂತು ತುಟಿ ಕಚ್ಚಿದಳು. ಧಾನ್ಯದ ಪೇಟೆಯಲ್ಲಿ ಮೂಟೆಗಳಿಂದೆದ್ದ ದೂಳು ಬಿಸಿಲಲ್ಲಿ ಹೊನ್ನಿನ ಪುಡಿಯಂತೆ ಹಾರುತ್ತಿತ್ತು. ಹಮಾಲರು "ಚಲೋ, ಚಲೋ" ಎನ್ನುತ್ತ ಅತ್ತಿತ್ತ ಸರಿದರು. ಅವಳು ನನ್ನ ತೋಳು ಯಾವಾಗ ಬಿಟ್ಟಳೋ ಗೊತ್ತಾಗಲಿಲ್ಲ.

"ಅಕ್ಕಾ, ಆಟೋ ಹಿಡಿಯೂಣೇನು?"

"ನಿನ್ನ ಕಾಲು ನೋಯಾಕತ್ತಿದ್ರ ನೀ ಹಿಡಿ," ಎಂದು ತಿರುಗಿ ನೋಡದೆ ಮುಂದಿನ ಓಣಿಗೆ ಹೊರಳಿದಳು.

ನಾನು ಒಮ್ಮೆ ಹಿಂದೆ ನೋಡಿದೆ. ರಸ್ತೆಯ ಮೇಲೆ ಗುರುತುಗಳಿರಲಿಲ್ಲ. ಜೋಡು ಯಾವಾಗಲೋ ಒಣಗಿತ್ತು.